ಗೆರೆ ಯಾಕಿಷ್ಟು ದಪ್ಪ?

ನಮ್ಮ ಆಫೀಸಿನ ಮೀಟಿಂಗ್ ರೂಮೊಂದರ ಗಾಜಿಗೆ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದಾರೆ. ಅಡ್ಡಡ್ಡ ಉದ್ದುದ್ದ ಕಪ್ಪು ಗೆರೆ, ನಡುವೆ ಬಿಳಿ ಚೌಕ, ಮೇಲೊಂದು ದೊಡ್ಡ ಕೆಂಪು, ಕೆಳಗೊಂದು ನೀಲಿ, ಮೂಲೆಯಲ್ಲಿ ಚೂರೇ ಚೂರು ಹಳದಿ. ನೀವೂ ನೋಡಿರ್ತೀರಿ. ಕಾಫಿ ಮಗ್ಗಿನ ಮೇಲೋ, ಮೊಬೈಲ್ ಕವರಿನ ಮೇಲೋ, ಯಾರದೋ ಫ್ಲ್ಯಾಟಿನ ವಾರ್ಡ್‌ರೋಬಿನ ಬಾಗಿಲ ಮೇಲೋ. 1965ರಲ್ಲಿ ಫ್ರಾನ್ಸಿನ ಇವ್ ಸಾಂ ಲೊರಾಂ ಇದನ್ನೇ ಫ್ರಾಕ್ ಮಾಡಿ ಹೊಲಿಸಿದ ಮೇಲಂತೂ ಇದು ಮೂಲದಲ್ಲಿ ಒಂದು ಚಿತ್ರ ಅನ್ನೋದೇ ಜನಕ್ಕೆ ಮರೆತುಹೋಗಿ ಬರೀ ಡಿಸೈನ್ ಆಗಿಬಿಟ್ಟಿದೆ. ಚಿತ್ರ ಬರೆದವನು ಪೀಟ್ ಮೊಂಡ್ರಿಯಾನ್. ಡಚ್ಚಿನವನು. ಹುಟ್ಟಿದ್ದು 1872ರಲ್ಲಿ, ತೀರಿಕೊಂಡಿದ್ದು 1944ರಲ್ಲಿ.

ಒಂದು ದಿನ ಆ ರೂಮಿನಲ್ಲಿ ಮ್ಯಾನೇಜರ್ ಬರೋದು ತಡವಾಗಿ ನಾವು ನಾಲ್ಕೈದು ಜನ ಸುಮ್ಮನೆ ಕೂತಿದ್ದೆವು. ನಮ್ಮ ಟೀಮಿನ ಟೆಸ್ಟಿಂಗ್ ಹುಡುಗ ಸ್ಟಿಕ್ಕರ್ ನೋಡಿ, "ಇದಕ್ಕೆ ಕೋಟಿಗಟ್ಟಲೆ ಅಂತೆ ಗುರೂ, ನಲವತ್ತು ಲೈನ್ ಪೈಥಾನ್ ಸಾಕಲ್ವಾ?" ಅಂದ. ನಾನು ಒಂದು ಸೆಕೆಂಡೂ ಯೋಚಿಸದೆ "ನಲವತ್ತೂ ಬೇಡ" ಅಂದೆ. ಬಿರಿಯಾನಿ ಪಂದ್ಯ ಆಯ್ತು. ಶನಿವಾರದ ಒಳಗೆ ನಾನು ಪ್ರೋಗ್ರಾಮ್ ಬರೀಬೇಕು. ಅದು ಹುಟ್ಟಿಸೋ ಚಿತ್ರಗಳ ಮಧ್ಯೆ ಒಂದು ಅಸಲಿ ಮೊಂಡ್ರಿಯಾನ್ ಸೇರಿಸಿ ಎಲ್ಲರ ಮುಂದೆ ಇಡಬೇಕು. ಯಾರಿಗೂ ಅಸಲಿ ಯಾವುದು ಅಂತ ಗೊತ್ತಾಗದಿದ್ದರೆ ಬಿರಿಯಾನಿ ನನಗೆ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನಾನು ಅಷ್ಟು ಧೈರ್ಯವಾಗಿ "ನಲವತ್ತೂ ಬೇಡ" ಅಂದಿದ್ದು ಚಿತ್ರಕಲೆ ಗೊತ್ತಿದ್ದರಿಂದ ಅಲ್ಲ, ಗೊತ್ತಿಲ್ಲದೆ ಇದ್ದದ್ದರಿಂದ. ನಾನು ಓದಿದ್ದು ಅರಸೀಕೆರೆ ಕಡೆಯ ಹಳ್ಳಿಶಾಲೆಯಲ್ಲಿ. ಅಲ್ಲಿ ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಸಿಲಬಸ್ ಮುಗಿಸೋ ಪೀರಿಯಡ್. ಕಾಲೇಜಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಇತ್ತು, ಅದರಲ್ಲಿ ಬಣ್ಣ ಇರಲಿಲ್ಲ. ಆರ್ಟ್ ಗ್ಯಾಲರಿ ಅಂದರೆ ಇಂಗ್ಲಿಷ್ ಚೆನ್ನಾಗಿ ಬರೋರು ಕೈ ಹಿಂದೆ ಕಟ್ಟಿಕೊಂಡು ಓಡಾಡೋ ಜಾಗ. ಅಂಥ ಕಡೆ "ನನಗೆ ಅರ್ಥ ಆಗಲಿಲ್ಲ" ಅನ್ನೋದಕ್ಕಿಂತ "ಇದರಲ್ಲೇನಿದೆ ಮಹಾ" ಅನ್ನೋದು ಸುಲಭ. ಮೊದಲನೆಯದು ನಮ್ಮನ್ನ ಚಿಕ್ಕವರು ಮಾಡುತ್ತೆ, ಎರಡನೆಯದು ಚಿತ್ರವನ್ನ.

ಪ್ರೋಗ್ರಾಮ್ ಬರೆದೆ. ಮೂವತ್ತೆಂಟು ಲೈನ್. ಒಂದು ಚೌಕವನ್ನ ಎಲ್ಲೋ ಒಂದು ಕಡೆ ಸೀಳು, ಸಿಕ್ಕ ತುಂಡನ್ನ ಮತ್ತೆ ಸೀಳು, ಕೆಲವು ತುಂಡಿಗೆ ಮೂರರಲ್ಲಿ ಒಂದು ಬಣ್ಣ ತುಂಬು, ಉಳಿದದ್ದು ಬಿಳಿ. ರನ್ ಮಾಡಿದರೆ ಸೆಕೆಂಡಿಗೆ ಹತ್ತು ಮೊಂಡ್ರಿಯಾನ್ ಉದುರುತ್ತಿದ್ದವು. ಹೋಲಿಸೋದಕ್ಕೆ ಅಂತ ಅವನ 1930ರ ಚಿತ್ರವೊಂದನ್ನ ತಗೊಂಡೆ: 'ಕೆಂಪು, ನೀಲಿ, ಹಳದಿಯ ಕಾಂಪೋಸಿಷನ್'. ಅಸಲಿ ಜ್ಯೂರಿಕ್‌ನಲ್ಲಿದೆ, ಬರೀ 46 ಸೆಂಟಿಮೀಟರ್ ಚೌಕ, ಅಂದರೆ ಒಂದೂವರೆ ಅಡಿ. ಮೀಟಿಂಗ್ ರೂಮಿನ ಸ್ಟಿಕ್ಕರಿನ ಮೂಲವೂ ಅದೇ.

ಆ ವಾರ ಅಮ್ಮ ಬೆಂಗಳೂರಿಗೆ ಬಂದಿದ್ದರು. ಲ್ಯಾಪ್‌ಟಾಪಿನಲ್ಲಿ ಅಸಲಿ, ನಕಲಿ ಅಕ್ಕಪಕ್ಕ ಇಟ್ಟುಕೊಂಡಿದ್ದೆ. ಅವರೆಕಾಯಿ ಸುಲೀತಾ ಹಿಂದೆ ಕೂತಿದ್ದವರು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಏನೋ ಇದು, ಆ ಎಡಗಡೆ ಮೋಟು ಗೆರೆ ಮಾತ್ರ ಯಾಕಿಷ್ಟು ದಪ್ಪ?"

ನಾನು ಹಿಂದಿನ ಒಂದು ಗಂಟೆಯಿಂದ ಆ ಚಿತ್ರ ನೋಡ್ತಿದ್ದೆ. ಆ ಗೆರೆ ದಪ್ಪ ಇದೆ ಅನ್ನೋದೇ ನನಗೆ ಕಂಡಿರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಗೆರೆಯ ದಪ್ಪ ಅನ್ನೋದು ಮೇಲುಗಡೆ ಒಂದು ಸಲ ಬರೆದಿಟ್ಟ ಸಂಖ್ಯೆ: 8. ಎಲ್ಲಾ ಗೆರೆಗೂ ಅದೇ.

ಈ ಬರಹ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಮೊದಲು ಆ ಚಿತ್ರವನ್ನೇ ನೋಡೋಣ. ಬಲಗಡೆ ಮೇಲೆ ಭಾರೀ ಕೆಂಪು, ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗ ಅದೇ ನುಂಗಿದೆ. ಎಡಗಡೆ ಕೆಳಮೂಲೆಯಲ್ಲಿ ನೀಲಿ. ಬಲಗಡೆ ಕೆಳತುದಿಯಲ್ಲಿ ಹಳದಿ, ಅಂಚೆಚೀಟಿಯಷ್ಟು. ಎಡಗಡೆ ಮೇಲಿನ ಬಿಳಿಯನ್ನ ಎರಡು ಮಾಡೋ ಆ ಮೋಟು ಗೆರೆ ಉಳಿದ ಉದ್ದ ಗೆರೆಗಳಿಗಿಂತ ದಪ್ಪ. ನಾನು ಅದನ್ನ ಕಂಪ್ಯೂಟರಿನಲ್ಲಿ ತೆಳ್ಳಗೆ ಮಾಡಿ ನೋಡಿದೆ. ಒಂದೇ ಗೆರೆ, ಬೇರೇನೂ ಮುಟ್ಟಲಿಲ್ಲ. ಕೆಂಪು ಇನ್ನಷ್ಟು ಊದಿಕೊಂಡ ಹಾಗೆ ಕಂಡಿತು. ಇಡೀ ಚಿತ್ರ ಬಲಕ್ಕೆ ವಾಲಿತು. ವಾಪಸ್ ದಪ್ಪ ಮಾಡಿದೆ, ನಿಂತಿತು.

ಸೈಕಲ್ಲಿನ ಒಂದು ಪಕ್ಕಕ್ಕೆ ಗ್ಯಾಸ್ ಸಿಲಿಂಡರ್ ನೇತುಹಾಕಿಕೊಂಡು ಹೋಗೋರನ್ನ ನೋಡಿದೀರಲ್ಲ? ಆ ಮನುಷ್ಯ ಇನ್ನೊಂದು ಪಕ್ಕಕ್ಕೆ ಇನ್ನೊಂದು ಸಿಲಿಂಡರ್ ಕಟ್ಟಿರಲ್ಲ. ಸೊಂಟವನ್ನ ಒಂದು ನಾಲ್ಕು ಇಂಚು ಆ ಕಡೆ ಸರಿಸಿರ್ತಾನೆ, ಅಷ್ಟೇ. ಮೊಂಡ್ರಿಯಾನನ ದಪ್ಪ ಗೆರೆ ಮಾಡ್ತಿರೋದು ಆ ಕೆಲಸ. ದೊಡ್ಡ ಕೆಂಪಿಗೆ ಎದುರಾಗಿ ಇನ್ನೊಂದು ದೊಡ್ಡ ಬಣ್ಣ ಇಟ್ಟಿಲ್ಲ. ಒಂದಿಷ್ಟು ಕಪ್ಪು, ದೂರದಲ್ಲಿ ಒಂದಿಷ್ಟು ನೀಲಿ, ತುದಿಯಲ್ಲಿ ಒಂದು ಚಿಟಿಕೆ ಹಳದಿ ಇಟ್ಟು ತೂಗಿಸಿದಾನೆ.

ಇಲ್ಲಿ ಒಂದು ಆಸೆ ಹುಟ್ಟುತ್ತೆ. "ಇದರಲ್ಲೇನು ಹೊಸದು, ನಮ್ಮ ಹೆಂಗಸರು ಸಾವಿರ ವರ್ಷದಿಂದ ಬಾಗಿಲ ಮುಂದೆ ಇದನ್ನೇ ಹಾಕ್ತಿಲ್ವಾ" ಅಂತ ಹೇಳಿ ಚಪ್ಪಾಳೆ ಗಿಟ್ಟಿಸೋ ಆಸೆ. ನನಗೂ ಹುಟ್ಟಿತ್ತು. ಆದರೆ ಅದು ನಿಜ ಅಲ್ಲ, ಅಮ್ಮನ ರಂಗೋಲಿಗೂ ಅದು ಮರ್ಯಾದೆ ಅಲ್ಲ. ಹದಿನೈದರಿಂದ ಎಂಟರವರೆಗೆ ಚುಕ್ಕಿ ಇಟ್ಟ ರಂಗೋಲಿಯ ಲೆಕ್ಕವೇ ಬೇರೆ. ಅಲ್ಲಿ ಎಡಕ್ಕೆ ಬಂದದ್ದು ಬಲಕ್ಕೂ ಬರಬೇಕು, ಒಂದು ಎಳೆ ತಪ್ಪಿದರೂ ಎದ್ದು ಕಾಣುತ್ತೆ. ಸಮ ಇರೋದೇ ಅದರ ಚೆಲುವು. ಮೊಂಡ್ರಿಯಾನ್ ಜೀವಮಾನ ಪೂರ್ತಿ ತಪ್ಪಿಸಿಕೊಂಡದ್ದು ಆ ಸಮವನ್ನೇ. ಎರಡೂ ಕಡೆ ಒಂದೇ ಆಗಬಾರದು, ಆದರೂ ಬೀಳಬಾರದು. ಅಮ್ಮನ ಕಣ್ಣಿಗೆ ಆ ದಪ್ಪ ಗೆರೆ ಚುಚ್ಚಿದ್ದು ಅದಕ್ಕೇ ಅಂತ ನನ್ನ ಅಂದಾಜು. ಎಳೆ ಎಳೆ ಒಂದೇ ದಪ್ಪ ಇರಬೇಕು ಅಂತ ನಲವತ್ತು ವರ್ಷ ಬೆರಳು ಪಳಗಿಸಿಕೊಂಡವರು ಅವರು.

ಪಂದ್ಯದ ವಿಷಯಕ್ಕೆ ಬರ್ತೀನಿ. ಶನಿವಾರಕ್ಕೆ ಮುಂಚೆ ಹುಡುಕುವಾಗ ಗೊತ್ತಾಯ್ತು, ಈ ಪಂದ್ಯ ನಮ್ಮಪ್ಪನ ಕಾಲದಲ್ಲೇ ಆಗಿಹೋಗಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೈಕಲ್ ನೋಲ್ ಅನ್ನೋ ಇಂಜಿನಿಯರ್ 1964ರಲ್ಲಿ ಕಂಪ್ಯೂಟರಿನಿಂದ ಒಂದು ಚಿತ್ರ ಬರೆಸಿದ. ಮಾದರಿ, ಮೊಂಡ್ರಿಯಾನನ 1917ರ 'ಗೆರೆಗಳ ಕಾಂಪೋಸಿಷನ್'. ಅದರಲ್ಲಿ ಬಣ್ಣ ಇಲ್ಲ, ಬಿಳಿ ಮೇಲೆ ಅಡ್ಡ ಉದ್ದದ ಮೋಟು ಕಪ್ಪು ಗೆರೆಗಳಷ್ಟೇ. ನೋಲ್ ಗೆರೆಗಳ ಜಾಗ, ಅಳತೆಯನ್ನ ಯಾದೃಚ್ಛಿಕ ಸಂಖ್ಯೆಗಳಿಗೆ ಬಿಟ್ಟ. ಎರಡರದ್ದೂ ಜೆರಾಕ್ಸ್ ತೆಗೆದು ನೂರು ಜನಕ್ಕೆ ತೋರಿಸಿದ. ಕಂಪ್ಯೂಟರಿನದ್ದು ಯಾವುದು ಅಂತ ಸರಿಯಾಗಿ ಗುರುತಿಸಿದವರು 28 ಜನ. ಕಂಪ್ಯೂಟರಿನ ಚಿತ್ರವೇ ಹೆಚ್ಚು ಇಷ್ಟ ಅಂದವರು 59 ಜನ. 1966ರಲ್ಲಿ ಇದು ಅಚ್ಚಾಯ್ತು.

ನಾವೂ ಶನಿವಾರ ಅದನ್ನೇ ಮಾಡಿದೆವು. ಎಂಟು ಜನದಲ್ಲಿ ಇಬ್ಬರು ಅಸಲಿಯನ್ನ ಸರಿಯಾಗಿ ಹೇಳಿದರು, ಅದರಲ್ಲಿ ಒಬ್ಬನಿಗೆ ಅದು ಸ್ಟಿಕ್ಕರಿನದ್ದು ಅಂತ ನೆನಪಿತ್ತು. ಬಿರಿಯಾನಿ ತಿಂದೆ. ರುಚಿಯಾಗಿತ್ತು. ಆದರೆ ಗೆದ್ದ ಖುಷಿ ಇರಲಿಲ್ಲ.

ಯಾಕೆ ಅಂದರೆ, ಅದೇ ತಿಂಗಳು ನಮ್ಮ ಆಫೀಸಿನಲ್ಲಿ ಬೇರೆ ಯಾರೋ ಇದೇ ಮಾತನ್ನ ನಮ್ಮ ಬಗ್ಗೆ ಆಡ್ತಿದ್ದರು. "ಈ ಕೋಡ್ ಬರೆಯೋಕೆ ಹನ್ನೆರಡು ವರ್ಷದ ಎಕ್ಸ್‌ಪೀರಿಯೆನ್ಸ್ ಬೇಕಾ? ಎಐ ನಿಮಿಷದಲ್ಲಿ ಬರೆದುಕೊಡುತ್ತೆ." ಕೊಡುತ್ತೆ, ಸುಳ್ಳಲ್ಲ. ಮೇಲುನೋಟಕ್ಕೆ ನನ್ನದಕ್ಕಿಂತ ಚೆನ್ನಾಗೇ ಇರುತ್ತೆ. ಹಾಗಾದರೆ ನೋಡೋಕೆ ಒಂದೇ ಥರ ಇರೋ ಎರಡು ವಸ್ತುಗಳಲ್ಲಿ ಒಂದನ್ನ ಮನುಷ್ಯ ಯೋಚಿಸಿ ಮಾಡಿದ ಅನ್ನೋದಕ್ಕೆ ಬೆಲೆ ಇದೆಯಾ, ಇಲ್ವಾ? ಮೊಂಡ್ರಿಯಾನನನ್ನ ಆಡಿಕೊಂಡು ಗೆದ್ದ ಪಂದ್ಯದಲ್ಲಿ ನಾನೇ ಸೋತಿದ್ದೆ.

ಮುಂದಿನ ವರ್ಷ ಆನ್‌ಸೈಟ್ ಅಂತ ನೆದರ್‌ಲ್ಯಾಂಡ್ಸ್‌ಗೆ ಮೂರು ತಿಂಗಳು ಕಳಿಸಿದರು. ಒಂದು ಭಾನುವಾರ ಜಿಟಿಜಿಟಿ ಮಳೆಯಲ್ಲಿ ರೈಲು ಹತ್ತಿ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂಗೆ ಹೋದೆ. ಮೊಂಡ್ರಿಯಾನನ ಚಿತ್ರಗಳ ಜಗತ್ತಿನ ಅತಿ ದೊಡ್ಡ ಸಂಗ್ರಹ ಇರೋದು ಅಲ್ಲಿ, ಹತ್ತಿರ ಹತ್ತಿರ 300. ನಾನು ಹೋಗಿದ್ದು ಚೌಕಗಳನ್ನ ನೋಡೋಕೆ. ಎದುರು ಸಿಕ್ಕಿದ್ದು ಮರಗಳು.

'ಸಂಜೆ: ಕೆಂಪು ಮರ', 1908ರಿಂದ 1910ರ ನಡುವಿನದ್ದು. ನೀಲಿ ಆಕಾಶದ ಮುಂದೆ ಎಲೆ ಉದುರಿದ ಮರ, ಕೊಂಬೆಗಳಿಗೆ ಬೆಂಕಿ ಹತ್ತಿದ ಹಾಗೆ ಕೆಂಪು. ಆಮೇಲೆ 1911ರ 'ಬೂದು ಮರ'. ಅದೇ ಬಾಗಿದ ಕೊಂಬೆಗಳು, ಆದರೆ ಬಣ್ಣ ಹೋಗಿದೆ, ಕೊಂಬೆಗೂ ಕೊಂಬೆ ನಡುವಿನ ಖಾಲಿ ಜಾಗಕ್ಕೂ ಒಂದೇ ತೂಕ ಬಂದಿದೆ. ಆಮೇಲೆ 1912ರ 'ಹೂಬಿಟ್ಟ ಸೇಬಿನ ಮರ'. ಹೆಸರು ಓದದಿದ್ದರೆ ಮರ ಅಂತ ಗೊತ್ತಾಗಲ್ಲ, ಬರೀ ಕಮಾನು ಗೆರೆಗಳು. ಅಲ್ಲಿಂದ ಮುಂದೆ ಸಮುದ್ರ, ಅಲೆಗಳು ಅಡ್ಡ ಗೆರೆ, ನೀರಿಗೆ ಚಾಚಿದ ಕಟ್ಟೆ ಉದ್ದ ಗೆರೆ. ಆ 1917ರ ಮೋಟು ಗೆರೆಗಳು ಬಂದದ್ದು ಈ ದಾರಿಯಲ್ಲಿ. ಬಣ್ಣದ ಚೌಕಗಳಿಗೆ ತಲುಪೋದು 1920ರ ಆಸುಪಾಸು, ಅವನಿಗೆ ಐವತ್ತು ಹತ್ತಿರ ಆದಾಗ.

ನೋಲ್ ಪ್ರಯೋಗದಲ್ಲಿ, ನನ್ನ ಪ್ರಯೋಗದಲ್ಲಿ ಬಿಟ್ಟುಹೋದದ್ದು ಇದು. ನಾವಿಬ್ಬರೂ ಮುಗಿದ ಚಿತ್ರದಿಂದ ಶುರು ಮಾಡಿದೆವು. ನನ್ನ ಪ್ರೋಗ್ರಾಮಿಗೆ ಚೌಕ ಅನ್ನೋದು ಇನ್‌ಪುಟ್. ಅವನಿಗೆ ಅದು ಹತ್ತು ವರ್ಷ ಒಂದೊಂದನ್ನೇ ಕಳೆದು ಉಳಿದ ಶೇಷ. ಸೀಳಬೇಕು ಅನ್ನೋ ನಿಯಮವನ್ನೇ ಅವನು ಕಂಡುಹಿಡೀಬೇಕಿತ್ತು. ನಾನು ಅದನ್ನ ಕದ್ದು, ಕದ್ದದ್ದನ್ನ ನಲವತ್ತು ಲೈನಿಗಿಂತ ಕಡಿಮೆಯಲ್ಲಿ ಬರೆದೆ ಅಂತ ಬೀಗಿದೆ.

ಬಿಟ್ಟುಹೋದ ಇನ್ನೊಂದು, ಬಣ್ಣ. ಜೆರಾಕ್ಸಿನಲ್ಲಿ, ಸ್ಕ್ರೀನಿನಲ್ಲಿ ಕಾಣದ್ದು ಅಲ್ಲಿ ಕಂಡಿತು: ಬಿಳಿ ಒಂದೇ ಬಿಳಿ ಅಲ್ಲ. ಒಂದು ಚೌಕದ ಬಿಳಿ ಹಾಲಿನದ್ದು, ಪಕ್ಕದ್ದು ಮಜ್ಜಿಗೆಯದ್ದು, ಇನ್ನೊಂದಕ್ಕೆ ತಿಳಿ ನೀಲಿ ಛಾಯೆ. ಕುಂಚ ಒಂದು ಚೌಕದಲ್ಲಿ ಅಡ್ಡ ಓಡಿದೆ, ಇನ್ನೊಂದರಲ್ಲಿ ಉದ್ದಕ್ಕೆ. ಕೆಲವು ಕಪ್ಪು ಗೆರೆಗಳು ಅಂಚಿಗೆ ಇನ್ನೇನು ತಲುಪಬೇಕು ಅನ್ನುವಾಗ ನಿಂತುಬಿಟ್ಟಿವೆ. ತೈಲಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಒಣಗಿದ ಕೆರೆಯ ತಳದ ಹಾಗೆ. ತಿದ್ದಿ ತಿದ್ದಿ ಮೇಲೆ ಮೇಲೆ ಬಳಿದದ್ದು ಗೊತ್ತಾಗುತ್ತೆ. ಸ್ಟಿಕ್ಕರಿನಲ್ಲಿ ಇದ್ಯಾವುದೂ ಇಲ್ಲ. ಸ್ಟಿಕ್ಕರ್ ನೋಡಿ ಮೊಂಡ್ರಿಯಾನನನ್ನ ಅಳೆಯೋದು ಅಂದರೆ ಮೆನು ಕಾರ್ಡ್ ನೆಕ್ಕಿ ಊಟ ಸಪ್ಪೆ ಅಂದ ಹಾಗೆ.

ಇಷ್ಟೆಲ್ಲ ಹೊಗಳಿದೆ ಅಂತ ಅವನು ಹೇಳಿದ್ದೆಲ್ಲ ನನಗೆ ಒಪ್ಪಿಗೆ ಅಂದುಕೊಳ್ಳಬೇಡಿ. ಅವನ ಸಿದ್ಧಾಂತಗಳು ಬಹಳಷ್ಟು ಕಡೆ ಸಹಿಸೋಕಾಗಲ್ಲ. 1909ರಲ್ಲಿ ಥಿಯಾಸಾಫಿಕಲ್ ಸೊಸೈಟಿ ಸೇರಿದವನು, ಉದ್ದ ಗೆರೆ ಗಂಡು, ಅಡ್ಡ ಗೆರೆ ಹೆಣ್ಣು ಅಂತೆಲ್ಲ ಬರೆದ. ಚಿತ್ರ ನೋಡುವಾಗ ಅದು ಯಾವ ಉಪಯೋಗಕ್ಕೂ ಬರಲ್ಲ. ಓರೆ ಗೆರೆ ಅಂದರೆ ಆಗದು. 1917ರಲ್ಲಿ ಜೊತೆಗೂಡಿ 'ಡೆ ಸ್ಟೈಲ್' ಪತ್ರಿಕೆ ಶುರು ಮಾಡಿದ ಗೆಳೆಯ ಥಿಯೋ ಫಾನ್ ಡೂಸ್‌ಬರ್ಗ್ ಓರೆ ಗೆರೆ ಎಳೆದ ಅಂತ ಅವನಿಂದ ದೂರ ಆದ. ಇನ್ನು ಹಸಿರು. ಮರ ಬರೆದೇ ಮೇಲೆ ಬಂದ ಮನುಷ್ಯ ಕೊನೆಕೊನೆಗೆ ಹಸಿರನ್ನ ಹತ್ತಿರ ಸೇರಿಸಲಿಲ್ಲ. ಪ್ಯಾರಿಸ್ಸಿನ ಕೋಣೆಯಲ್ಲಿ ಒಂದು ಕೃತಕ ಟ್ಯುಲಿಪ್ ಹೂವಿಟ್ಟುಕೊಂಡಿದ್ದ, ಅದರ ಎಲೆಗೆ ಬಿಳಿ ಬಳಿದಿದ್ದ. ತೆಂಗಿನ ತೋಟದ ನೆರಳಲ್ಲಿ ಬೆಳೆದ ನನಗೆ ಇದು ಶಿಸ್ತು ಅಂತ ಕಾಣಲ್ಲ, ಹಠ ಅಂತಲೇ ಕಾಣುತ್ತೆ. ಒಂದು ತಮಾಷೆ ಹೇಳ್ತೀನಿ. ಅವನ ಮೂಲಬಣ್ಣ ಕೆಂಪು, ಹಳದಿ, ನೀಲಿ. ನಮ್ಮ ಸ್ಕ್ರೀನಿನ ಮೂಲಬಣ್ಣ ಕೆಂಪು, ಹಸಿರು, ನೀಲಿ. ಸ್ಕ್ರೀನಿನಲ್ಲಿ ಹಳದಿ ಹುಟ್ಟೋದು ಕೆಂಪು ಜೊತೆ ಹಸಿರು ಉರಿದಾಗ. ಅಂದರೆ ನಿಮ್ಮ ಮೊಬೈಲಿನಲ್ಲಿ ಮೊಂಡ್ರಿಯಾನನ ಹಳದಿ ನೋಡಿದಾಗಲೆಲ್ಲ ಅವನು ಓಡಿಸಿದ ಹಸಿರು ಒಳಗೇ ಕೂತಿರುತ್ತೆ.

ಮೂವತ್ತರ ದಶಕದ ಚಿತ್ರಗಳನ್ನ ಸಾಲಾಗಿ ನೋಡಿದರೆ ಆ ಹಠ ಅವುಗಳ ಮೇಲೂ ಬಿದ್ದಿದೆ ಅಂತ ನನಗನ್ನಿಸುತ್ತೆ. ಕೆಲವು ತೀರಾ ಸರಿ ಇವೆ. ಅವನೇ ಬರೆದ ನಿಯಮವನ್ನ ಅವನೇ ಪಾಲಿಸ್ತಿದಾನೆ. ನನ್ನ ಪ್ರೋಗ್ರಾಮಿಗೆ ಅವನು ಅತಿ ಹತ್ತಿರ ಬರೋದು ಅಲ್ಲಿ.

ಹಾಗಾಗಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅವನ ಕಟ್ಟಕಡೆಯ ಚಿತ್ರ, 'ವಿಕ್ಟರಿ ಬೂಗಿ ವೂಗಿ'. ಯುದ್ಧದಿಂದ ತಪ್ಪಿಸಿಕೊಂಡು ಲಂಡನ್ನಿಂದ 1940ರಲ್ಲಿ ನ್ಯೂಯಾರ್ಕಿಗೆ ಬಂದಾಗ ಅವನಿಗೆ 68. ಅಲ್ಲಿ ಬೂಗಿ ವೂಗಿ ಸಂಗೀತ ಕೇಳಿ ಹುಚ್ಚಾದ. ಮತ್ತೆ, ಇಪ್ಪತ್ತು ವರ್ಷ ತನ್ನ ಗುರುತೇ ಆಗಿದ್ದ ಕಪ್ಪು ಗೆರೆಯನ್ನ ಕಿತ್ತುಹಾಕಿದ. ನಮ್ಮಲ್ಲಿ ಹೆಸರು ತಂದುಕೊಟ್ಟ ಶೈಲಿಯನ್ನ ಎಪ್ಪತ್ತನೇ ವಯಸ್ಸಿನಲ್ಲಿ ಬಿಡೋರು ಎಷ್ಟು ಜನ? ಈ ಚಿತ್ರ 127 ಸೆಂಟಿಮೀಟರಿನ ಚೌಕ, ಮೂಲೆ ಮೇಲೆ ಮಾಡಿ ವಜ್ರದ ಹಾಗೆ ತೂಗುಹಾಕಿದೆ. ಒಳಗೆ ಸಣ್ಣ ದೊಡ್ಡ ತುಂಡುಗಳು ಗಿಜಿಗುಡ್ತವೆ. ಹತ್ತಿರ ಹೋದರೆ ಅದರಲ್ಲಿ ಎಷ್ಟೋ ತುಂಡು ಬಣ್ಣ ಅಲ್ಲ, ಅಂಟಿಸಿದ ಟೇಪು, ಬಣ್ಣದ ಕಾಗದ. ಅಲ್ಲಿಟ್ಟು ನೋಡು, ಸರಿ ಬರಲಿಲ್ಲವಾ, ಕಿತ್ತು ಇಲ್ಲಿಡು. ಹಾಗೆ ಮಾಡ್ತಾ ಮಾಡ್ತಾ 1944ರ ಫೆಬ್ರವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡ. ಚಿತ್ರ ಹಾಗೇ ನಿಂತಿತು. ಟೇಪು ಈಗಲೂ ಅಲ್ಲೇ ಇದೆ.

1998ರಲ್ಲಿ ಡಚ್ ಕೇಂದ್ರ ಬ್ಯಾಂಕಿನ ದುಡ್ಡಿನಲ್ಲಿ ಇದನ್ನ 8 ಕೋಟಿ ಗಿಲ್ಡರಿಗೆ ಕೊಂಡಾಗ ಆ ದೇಶದಲ್ಲಿ ದೊಡ್ಡ ಗಲಾಟೆಯೇ ಆಯ್ತು. ಮುಗಿಯದ ಚಿತ್ರಕ್ಕೆ ಇಷ್ಟೊಂದಾ ಅಂತ. ಬೆಲೆಯ ಮಾತು ನನಗೆ ತಿಳಿಯದು. ಆದರೆ ಅದರ ಮುಂದೆ ಅರ್ಧ ಗಂಟೆ ನಿಂತಾಗ ಮೊದಲ ಸಲ ಒಬ್ಬ ಕಲಾವಿದ ಕೆಲಸ ಮಾಡೋದನ್ನ ಕಂಡ ಹಾಗಾಯ್ತು. ನನ್ನ ಪ್ರೋಗ್ರಾಮ್ ಯಾವತ್ತೂ ಒಂದು ತುಂಡನ್ನ ಇಟ್ಟು, ಹಿಂದೆ ಸರಿದು ನೋಡಿ, "ಊಹೂಂ" ಅಂದಿರಲಿಲ್ಲ. ಸೆಕೆಂಡಿಗೆ ಹತ್ತು ಉದುರಿಸ್ತಿತ್ತು, ಒಂದನ್ನೂ ಬೇಡ ಅಂದಿರಲಿಲ್ಲ.

ಕೊನೆಗೊಂದು ಸುದ್ದಿ. ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಅವನ 'ನ್ಯೂಯಾರ್ಕ್ ಸಿಟಿ 1' ಅನ್ನೋ 1941ರ ಟೇಪಿನ ಚಿತ್ರ ಇದೆ. ಅದು 1945ರಿಂದಲೂ ತಲೆಕೆಳಗಾಗಿ ತೂಗ್ತಿದೆ ಅಂತ 2022ರಲ್ಲಿ ಆ ಮ್ಯೂಸಿಯಮ್ಮಿನ ಕ್ಯುರೇಟರ್ ಹೇಳಿದರು. 1944ರ ಒಂದು ಫೋಟೋದಲ್ಲಿ ಅದು ಈಸೆಲ್ ಮೇಲೆ ಉಲ್ಟಾ ನಿಂತಿತ್ತು. ಈಗ ತಿರುಗಿಸಿದರೆ ಹಳೇ ಟೇಪು ಕಿತ್ತುಬರುತ್ತೆ ಅಂತ ಹಾಗೇ ಬಿಟ್ಟರು. ನಮ್ಮ ಟೆಸ್ಟಿಂಗ್ ಹುಡುಗ ಸುದ್ದಿ ಫಾರ್ವರ್ಡ್ ಮಾಡಿ, "ನೋಡು, ಎಪ್ಪತ್ತೇಳು ವರ್ಷ ಒಬ್ಬನಿಗೂ ಗೊತ್ತಾಗಿಲ್ಲ!" ಅಂತ ನಗುವ ಇಮೋಜಿ ಹಾಕಿದ್ದ.

ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಅಷ್ಟೊಂದು ಪಂಡಿತರು ಅಷ್ಟು ವರ್ಷ ಹೆಸರಿಗೆ ಕೈಮುಗಿದರೇ ಹೊರತು ಚಿತ್ರ ನೋಡಲಿಲ್ಲ ಅನ್ನಬಹುದು. ಆದರೆ ಆ ಸುದ್ದಿ ಸುದ್ದಿಯಾದದ್ದು ಯಾಕೆ? ಚೌಕಗಳನ್ನ ಹೇಗಿಟ್ಟರೂ ನಡೆಯುತ್ತೆ ಅನ್ನೋದಾಗಿದ್ದರೆ ಅದಕ್ಕೆ ತಲೆ ಯಾವುದು, ಬುಡ ಯಾವುದು? ಉಲ್ಟಾ ಅಂತ ನಕ್ಕವರೆಲ್ಲ ಅದಕ್ಕೊಂದು ಸುಲ್ಟಾ ಇದೆ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ.

ಅವನಿಗೆ ಇದನ್ನೇ ರಿಪ್ಲೈ ಮಾಡಿದೆ. "ಬಿರಿಯಾನಿ ವಾಪಸ್ ಕೊಡಿಸ್ತೀಯಾ?" ಅಂತ ಕೇಳಿದ. ಕೊಡಿಸಿದೆ. ತಿಂದು ಬಂದಮೇಲೆ ಮೀಟಿಂಗ್ ರೂಮಿನ ಗಾಜಿನ ಹತ್ತಿರ ಕರಕೊಂಡು ಹೋಗಿ, ಎಡಗಡೆಯ ಮೋಟು ಗೆರೆ ತೋರಿಸಿ, ಏನಾದರೂ ಕಾಣುತ್ತಾ ಅಂದೆ. ಸ್ಟಿಕ್ಕರ್ ಮಾಡಿದವರು ಎಲ್ಲಾ ಗೆರೆಯನ್ನೂ ಒಂದೇ ದಪ್ಪ ಮಾಡಿಬಿಟ್ಟಿದ್ದರು.